ಕಡಲ ಸಂಜೀವಿನಿಯ ರೋಗಿ

ಹೊಳವನಹಳ್ಳಿಯಲ್ಲಿ ಗಂಡ ಹೆಂಡತಿ ಇಬ್ಬರೂ ಬ್ಯಾಗು ಹಿಡಿದು ಬಸ್ಸಿಗೆ ನಿಲ್ಲಬೇಕಾದರೆ ನಾಲ್ಕರಲ್ಲಿ ಒಂದು ಕಾರಣ ಇರಲೇಬೇಕು: ಮದುವೆ, ದೇವರು, ಕೋರ್ಟು, ಇಲ್ಲವೇ ಆಸ್ಪತ್ರೆ. ಸುಮ್ಮನೆ ನೋಡಿಕೊಂಡು ಬರಲು ಹೋಗುತ್ತಿದ್ದೇವೆ ಎಂದು ಹೇಳಿದವರು ಆ ಊರಿನಲ್ಲಿ ಈವರೆಗೆ ಯಾರೂ ಇಲ್ಲ. ಹೇಳಿದ್ದರೆ, ಅವರ ತಲೆ ಸರಿಯಿದೆಯೇ ಎಂದು ತೋರಿಸಲು ನಾಲ್ಕನೆಯ ಕಾರಣಕ್ಕೇ ಹೊರಡಬೇಕಾಗುತ್ತಿತ್ತು.

ಪ್ರಭುದೇವ್ ಆ ಊರಿನ ಬಸ್ ಸ್ಟಾಪಿನ ಎದುರಿಗೇ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡವನು. ಆ ವರ್ಷ ಕೊರಟಗೆರೆ ತಾಲ್ಲೂಕಿನಲ್ಲೆಲ್ಲ ಅವನೇ ಹೆಚ್ಚು ಮುಸುಕಿನ ಜೋಳದ ಬೀಜ ಮಾರಿದ್ದ. ಅದಕ್ಕೆ ಬೀಜದ ಕಂಪನಿಯವರು ಒಂದು ಕೂಪನ್ ಕೊಟ್ಟರು. ‘ಕಡಲ ಸಂಜೀವಿನಿ ವೆಲ್‌ನೆಸ್ ರೆಸಾರ್ಟ್, ಬೈಂದೂರು ಹತ್ತಿರ. ದಂಪತಿಗೆ ಎರಡು ರಾತ್ರಿ, ಊಟ ಸಮೇತ.’ ಹಿಂದಿನ ವರ್ಷ ಅದೇ ಕಂಪನಿ ಗ್ರೈಂಡರ್ ಕೊಟ್ಟಾಗ ಅದನ್ನು ಅಂಗಡಿಯ ಮುಂದೆ ನಾಲ್ಕು ದಿನ ಇಟ್ಟು ಊರಿಗೆಲ್ಲ ತೋರಿಸಿದ್ದವನು, ಈ ಕೂಪನ್ನನ್ನು ಮಾತ್ರ ಕ್ರಿಮಿನಾಶಕದ ಡಬ್ಬಿಗಳ ಹಿಂದೆ ಬಚ್ಚಿಟ್ಟ. ನಲವತ್ತಾರು ವರ್ಷದ ಗಂಡಸು ಹೆಂಡತಿಯನ್ನು ಕರೆದುಕೊಂಡು ರೆಸಾರ್ಟಿಗೆ ಹೋಗುತ್ತಾನೆಂದರೆ ನಾಳೆ ಗೊಬ್ಬರ ಕೇಳಲು ಬಂದವರ ಮುಖ ನೋಡುವುದು ಹೇಗೆ?

ಲೋಹಿತಾ ಮಾತ್ರ ಕೂಪನ್ನನ್ನು ಎರಡು ಸಲ ಓದಿದಳು. ಅವಳು ಮಧುಗಿರಿಯವಳು, ಬಿ.ಎ. ಮಾಡಿದವಳು. ಭೂಗೋಳದ ಪರೀಕ್ಷೆಯಲ್ಲಿ ಸಮುದ್ರದ ಪ್ರವಾಹಗಳ ಮೇಲಿನ ಹದಿನೈದು ಅಂಕದ ಪ್ರಶ್ನೆಗೆ ಹದಿಮೂರು ಪಡೆದವಳು. ಸಮುದ್ರ ನೋಡಿರಲಿಲ್ಲ. ಮದುವೆಯಾದ ಹೊಸದರಲ್ಲಿ, “ಒಂದೇ ಒಂದು ಸಲ ಸಮುದ್ರದಲ್ಲಿ ಕಾಲಿಡಬೇಕು ರೀ” ಎಂದಿದ್ದಳು. “ಮುಂಗಾರು ಮುಗೀಲಿ” ಎಂದಿದ್ದ ಪ್ರಭುದೇವ್. ಹತ್ತೊಂಬತ್ತು ಮುಂಗಾರು ಮುಗಿದಿದ್ದವು.

ಅವಳು ಕೊರಟಗೆರೆಗೆ ಹೋಗಿ ತಿಳಿನೀಲಿ ಬಣ್ಣದ ಒಂದು ಚೂಡಿದಾರ, ಒಂದು ಜೊತೆ ರಬ್ಬರ್ ಚಪ್ಪಲಿ ತಂದು ಬ್ಯಾಗಿನ ತಳಕ್ಕೆ ಇಟ್ಟಳು.

ತಾಯಿ ಶಿವರುದ್ರಮ್ಮನಿಗೆ ಪ್ರಭುದೇವ್ ಹೇಳಿದ್ದು ಹೀಗೆ: “ಕಂಪನಿ ಮೀಟಿಂಗು ಕಣವ್ವ. ಎರಡು ದಿನ ಫೋನ್ ಆಫ್ ಇರ್ತದೆ. ಹೆಂಡ್ರುನೂ ಕರ್ಕೊಂಡ್ ಬರ್ಬೇಕು ಅಂತ ಆರ್ಡರ್ ಆಗೈತೆ.”

“ಗೊಬ್ಬರ ಮಾರಾಕೆ ಹೆಂಡ್ತಿ ಯಾಕ್ಲಾ?” ಎಂದಳು ಶಿವರುದ್ರಮ್ಮ. ಆದರೆ ಕಂಪನಿಯೆಂದರೆ ಸರ್ಕಾರಕ್ಕಿಂತ ದೊಡ್ಡದೆಂದು ನಂಬಿದ್ದವಳಾದ್ದರಿಂದ ಮಾತು ಬೆಳೆಸಲಿಲ್ಲ.

ಎಲ್ಲವೂ ಸರಿಯಾಗಿಯೇ ಇತ್ತು. ಕೆಟ್ಟದ್ದು ಶುಕ್ರವಾರ ಸಂಜೆ, ಬಸ್ ಸ್ಟಾಪಿನಲ್ಲಿ. ಅಂಗಡಿಯ ಪಕ್ಕದ ಮನೆಯ ನಾಗಕ್ಕ ತನ್ನ ಆರು ಮೇಕೆಗಳನ್ನು ಹೊಡೆದುಕೊಂಡು ಅದೇ ಹೊತ್ತಿಗೆ ಬಂದಳು.

“ಏನಪ್ಪಾ ಪ್ರಬುದೇವು, ಗಂಡ ಹೆಂಡ್ರು ಇಬ್ರೂ ಹೊಂಟ್ಬುಟ್ರಲ್ಲ! ಯಾವ ಕಡೀಕೆ?”

ಮೀಟಿಂಗ್ ಎನ್ನೋಣವೆಂದರೆ ನಾಗಕ್ಕ ಅವನ ತಾಯಿಯಂತೆ ಕಂಪನಿಗೆ ಹೆದರುವವಳಲ್ಲ. ನೂರು ಪ್ರಶ್ನೆ ಕೇಳುತ್ತಾಳೆ. ಮದುವೆ ಎಂದರೆ ಲಗ್ನಪತ್ರಿಕೆ ತನಗೇಕೆ ಬರಲಿಲ್ಲವೆಂದು ಕೇಳುತ್ತಾಳೆ. ದೇವರು ಎಂದರೆ ಮೇಕೆಗಳನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿಬಿಡುತ್ತಾಳೆ. ಕೋರ್ಟು ಎಂದರೆ ಮರ್ಯಾದೆ ಹೋಗುತ್ತದೆ. ಪ್ರಭುದೇವ್ ಹೀಗೆ ಮೂರು ಕಾರಣಗಳನ್ನು ಒಂದೇ ಉಸಿರಿನಲ್ಲಿ ಕಳೆದು, ಉಳಿದಿದ್ದನ್ನು ಹೇಳಿದ.

“ಆಸ್ಪತ್ರೆಗೆ ನಾಗಕ್ಕ.”

“ಅಯ್ಯೋ ಶಿವನೆ! ಯಾರಿಗೆ?”

ಇದನ್ನು ಅವನು ಯೋಚಿಸಿರಲಿಲ್ಲ. ತನಗೇ ಎನ್ನೋಣವೆಂದರೆ ಅರ್ಧ ಗಂಟೆಯ ಹಿಂದೆ ನಾಗಕ್ಕನ ಕಣ್ಣೆದುರೇ ಯೂರಿಯಾ ಮೂಟೆಯನ್ನು ಹೆಗಲ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ಹಾಕಿದ್ದ. ಅವನ ಗದ್ದ ತಾನಾಗಿಯೇ ಲೋಹಿತಾಳ ಕಡೆಗೆ ತಿರುಗಿತು.

“ಏನಾಗೈತಪ್ಪಾ?”

“ಒಳಗೆ.”

“ಒಳಗೆ ಅಂದ್ರೆ?”

“ಒಳಗೇ ನಾಗಕ್ಕ.”

ಹೊರಗಿನ ಕಾಯಿಲೆಗಳಿಗೆ ಹೆಸರುಗಳಿವೆ, ಹೆಸರಿರುವುದಕ್ಕೆ ಮಾತ್ರೆಗಳಿವೆ. ‘ಒಳಗೆ’ ಎಂದು ಹೇಳಿ ಸುಮ್ಮನಾಗುವ ಕಾಯಿಲೆ ಒಂದೇ ಜಾತಿಯದು. ನಾಗಕ್ಕನ ಕೈಯಲ್ಲಿದ್ದ ಕೋಲು ಕೆಳಗೆ ಬಿತ್ತು.

“ಯಾವಾಸ್ಪತ್ರೆ?”

ಪ್ರಭುದೇವ್ ಒಂದು ಸಲಕ್ಕೆ ಒಂದೇ ಸುಳ್ಳು ಹೇಳಬಲ್ಲವನು. ಅದು ಖರ್ಚಾಗಿ ಹೋಗಿತ್ತು. ಆದ್ದರಿಂದ ಈ ಪ್ರಶ್ನೆಗೆ ನಿಜವನ್ನೇ ಹೇಳಿಬಿಟ್ಟ: “ಕಡಲ ಸಂಜೀವಿನಿ. ಬೈಂದೂರು ತಾವ.”

ಬಸ್ಸು ಬಂತು. ಲೋಹಿತಾ ಕೊರಟಗೆರೆ ದಾಟಿದ ಮೇಲೆ ಕೇಳಿದಳು:

“ನಂಗೇನಾಗಿದೆ ರೀ?”

“ಏನಿಲ್ಲ ಕಣೇ, ಬಾಯಿಗೆ ಬಂತು, ಅಂದ್ಬುಟ್ಟೆ. ಆಸ್ಪತ್ರೆ ಅಂದ್ರೆ ಒಂದ್ ಅನುಕೂಲ. ಜೊತೇಲಿ ಯಾರೂ ಬರಾಕಿಲ್ಲ.”

ಜೊತೆಯಲ್ಲಿ ಯಾರೂ ಬರುವುದಿಲ್ಲ, ಅದು ನಿಜ. ಎಲ್ಲರೂ ಹಿಂದಿನಿಂದ ಬರುತ್ತಾರೆ ಎಂಬುದನ್ನು ಆ ಪುಣ್ಯಾತ್ಮ ಮರೆತಿದ್ದ. ರೋಗಿಯನ್ನು ‘ನೋಡಿಕೊಂಡು ಬರುವುದು’ ಆ ಕಡೆಯ ಊರುಗಳಲ್ಲಿ ಮದುವೆಗೆ ಹೋಗುವುದಕ್ಕಿಂತ ದೊಡ್ಡ ಕರ್ತವ್ಯ. ಮದುವೆಗೆ ತಪ್ಪಿಸಿಕೊಂಡವನನ್ನು ಒಂದು ವರ್ಷದಲ್ಲಿ ಕ್ಷಮಿಸುತ್ತಾರೆ. ನೋಡಲು ಬಾರದವನನ್ನು, ರೋಗಿ ಗುಣವಾಗಿ ಎದ್ದು ಮೊಮ್ಮಕ್ಕಳನ್ನು ಕಂಡ ಮೇಲೂ ಕ್ಷಮಿಸುವುದಿಲ್ಲ.

ಶನಿವಾರ ಬೆಳಿಗ್ಗೆ ಅವರು ಕಡಲ ಸಂಜೀವಿನಿ ಮುಟ್ಟಿದರು. ಎರಡನೆಯ ಮಹಡಿಯ ಕೋಣೆ. ಬಾಲ್ಕನಿಯ ಬಾಗಿಲು ಸರಿಸಿದರೆ ತೆಂಗಿನ ಮರಗಳಾಚೆ ಸಮುದ್ರ. ಲೋಹಿತಾ ಕಂಬಿ ಹಿಡಿದು ನಿಂತಳು. ಇನ್ನೂರು ಹೆಜ್ಜೆ ಇರಬಹುದು.

“ಹೋಗೋಣ್ವಾ?” ಎಂದಳು.

“ತಿಂಡಿ ಹತ್ತೂವರೆಗೆ ಬಂದ್ ಮಾಡ್ತಾರಂತೆ,” ಎಂದ ಪ್ರಭುದೇವ್, ಕೂಪನ್ನಿನ ಹಿಂಬದಿ ಓದುತ್ತ. “ಸಮುದ್ರ ಎಲ್ಲಿಗೋಯ್ತದೆ? ಅಲ್ಲೇ ಇರ್ತದೆ.”

ಅವನ ಲೆಕ್ಕಾಚಾರ ಸರಳವಾಗಿತ್ತು. ಸಮುದ್ರ ಕೂಪನ್ನಿನಲ್ಲಿ ಇಲ್ಲ, ಅದು ದೇವರು ಕೊಟ್ಟದ್ದು. ಕಂಪನಿ ಕೊಟ್ಟದ್ದನ್ನು ಮೊದಲು ಮುಗಿಸಬೇಕು. ಹಾಗಾಗಿ ತಿಂಡಿಯಲ್ಲಿ ಇಡ್ಲಿಯಿಂದ ಹಿಡಿದು ಹೆಸರೇ ಗೊತ್ತಿಲ್ಲದ ಬ್ರೆಡ್ಡುಗಳವರೆಗೆ ತಿಂದ. ಈಜುಕೊಳಕ್ಕೆ ಬನಿಯನ್ ಸಮೇತ ಇಳಿದು, ಬನಿಯನ್ ತೆಗೆಯಬೇಕೆಂದು ಹೇಳಿಸಿಕೊಂಡು, ನಾಚಿ ಮೇಲೆ ಬಂದ. ಜಿಮ್ಮಿನಲ್ಲಿ ಓಡುವ ಯಂತ್ರದ ಮೇಲೆ ಹತ್ತಿ ನಿಂತು, ಅದು ಓಡಿದ್ದರಿಂದ ಬಿದ್ದ. ಮಧ್ಯಾಹ್ನದ ಊಟಕ್ಕೆ ಹನ್ನೆರಡೂವರೆಗೆ ಮೊದಲು ಒಳಗೆ ಹೋದವನೂ ಅವನೇ, ಮೂರು ಗಂಟೆಗೆ ಕೊನೆಗೆ ಹೊರಗೆ ಬಂದವನೂ ಅವನೇ. ಬಂದವನು ಮಲಗಿದ. ಲೋಹಿತಾ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಒಬ್ಬಳೇ ಹೋಗಬಹುದಿತ್ತು. ಹತ್ತೊಂಬತ್ತು ವರ್ಷ ಇಬ್ಬರ ಲೆಕ್ಕದಲ್ಲಿ ಕಾದದ್ದನ್ನು ಒಬ್ಬಳೇ ಹೋಗಿ ಮುಗಿಸಲು ಮನಸ್ಸಾಗಲಿಲ್ಲ.

ಅವನು ಎದ್ದು, ಸಂಜೆಯ ಬೋಂಡಾ ಮುಗಿಸಿ, ಇಬ್ಬರೂ ಮರಳಿನ ಹತ್ತಿರ ಬರುವಷ್ಟರಲ್ಲಿ ಕಾವಲಿನವನು ಸೀಟಿ ಊದಿದ. ಸೂರ್ಯ ಮುಳುಗಿದ ಮೇಲೆ ಯಾರನ್ನೂ ಬಿಡುವಂತಿಲ್ಲ.

“ನಾಳೆ ಬೆಳಿಗ್ಗೆ ಎದ್ದ ತಕ್ಷಣ ಮೊದಲ ಕೆಲಸ ಇದೇ. ತಿಂಡಿ ಆಮೇಲೆ,” ಎಂದು ಪ್ರಭುದೇವ್ ಮಾತು ಕೊಟ್ಟ. ತಿಂಡಿಯನ್ನು ಹಿಂದಕ್ಕೆ ಹಾಕಿದ್ದನೆಂದರೆ ಮಾತಿನಲ್ಲಿ ಕಪಟವಿರಲಿಲ್ಲ.

ಭಾನುವಾರ ಏಳೂವರೆ. ಲೋಹಿತಾ ತಿಳಿನೀಲಿ ಚೂಡಿದಾರ ಹಾಕಿ, ಜಡೆಯನ್ನು ಗಂಟು ಕಟ್ಟಿ, ರಬ್ಬರ್ ಚಪ್ಪಲಿ ಮೆಟ್ಟಿ ಬಾಗಿಲ ಹತ್ತಿರ ನಿಂತಿದ್ದಳು. ಪ್ರಭುದೇವ್ ಪಂಚೆ ಎತ್ತಿ ಕಟ್ಟಿದ. ಬಾಗಿಲ ಹಿಡಿಗೆ ಅವಳು ಕೈ ಹಾಕಿದ್ದಳು. ಕೋಣೆಯ ಫೋನು ಬಡಿದುಕೊಂಡಿತು.

“ಸರ್, ರಿಸೆಪ್ಷನ್‌ನಿಂದ ಚೇತನ್ ಕುಮಾರ್ ಮಾತಾಡುದು. ನಿಮ್ಮನ್ನು ನೋಡ್ಲಿಕ್ಕೆ ಹನ್ನೊಂದು ಜನ ಬಂದಿದ್ದಾರೆ. ಒಬ್ಬರು ಅಜ್ಜಿ ತುಂಬ ಅಳ್ತಾ ಇದ್ದಾರೆ. ಎಂತ ಮಾಡುದು ಸರ್?”

ಆದದ್ದಿಷ್ಟು. ಶುಕ್ರವಾರ ಬಸ್ಸು ತಿರುವು ದಾಟುವ ಮೊದಲೇ ನಾಗಕ್ಕ ಶಿವರುದ್ರಮ್ಮನ ಮುಂದೆ ಕೂತಿದ್ದಳು. ಮೀಟಿಂಗ್ ಎಂದು ಮಗ ಹೇಳಿದ್ದು, ಆಸ್ಪತ್ರೆ ಎಂದು ನಾಗಕ್ಕನಿಗೆ ಹೇಳಿದ್ದು, ಎರಡೂ ಎದುರುಬದುರಾದವು. ಹೆತ್ತ ತಾಯಿಯ ಹತ್ತಿರ ಬಚ್ಚಿಟ್ಟನೆಂದರೆ ಅದು ಎಂಥ ಕಾಯಿಲೆಯಿರಬೇಕು! ಶನಿವಾರವೆಲ್ಲ ಫೋನು ಹಚ್ಚಿದರು. ಆಫ್. ಆಪರೇಷನ್ ನಡೆಯುತ್ತಿದೆ ಎಂದು ತೀರ್ಮಾನವಾಯಿತು. ಮಠದ ಮರುಳಸಿದ್ದಯ್ಯನವರು ವಿಭೂತಿ ಗಟ್ಟಿ ಹಿಡಿದು, ಉಪವಾಸ ಮಾಡಿ, ತಾವೂ ಬರುವುದಾಗಿ ಹೇಳಿದರು. ಊರಿನಲ್ಲಿ ಬಾಡಿಗೆಗೆ ಗಾಡಿ ಓಡಿಸುವ ಹುಡುಗ ಸುನಿಲ್‌ಕುಮಾರ್ ತನ್ನ ಟೆಂಪೊ ತೆಗೆದ. ಅವನು ಮೊಬೈಲಿನ ಮ್ಯಾಪಿನಲ್ಲಿ ‘ಕಡಲ ಸಂಜೀವಿನಿ’ ಎಂದು ಹುಡುಕಿದಾಗ ಅದು ಒಂದೇ ಏಟಿಗೆ ಸಿಕ್ಕಿತು. ಒಂದು ಡಜನ್ ಎಳನೀರು, ಎರಡು ಚೀಲ ಮೋಸಂಬಿ, ಆರು ಪೌಂಡು ಬ್ರೆಡ್ಡು, ಫ್ಲಾಸ್ಕಿನಲ್ಲಿ ರಾಗಿ ಗಂಜಿ ಹೊತ್ತು ಟೆಂಪೊ ರಾತ್ರಿಯೆಲ್ಲ ಓಡಿತ್ತು.

ಕಡಲ ಸಂಜೀವಿನಿಯನ್ನು ಕಂಡು ಅವರಿಗೆ ಸಂಶಯವೇ ಬರಲಿಲ್ಲ. ಬಿಳಿ ಗೋಡೆ, ಬಿಳಿ ಅಂಗಿ ತೊಟ್ಟ ಸಿಬ್ಬಂದಿ, ಎಲ್ಲ ಕಡೆ ಔಷಧಿಯಂಥದೊಂದು ವಾಸನೆ. ಬಿಳಿ ನಿಲುವಂಗಿ ಸುತ್ತಿಕೊಂಡ ಒಬ್ಬ ವಿದೇಶಿ ಮುದುಕ ನಿಧಾನವಾಗಿ ನಡೆದು ಹೋದ.

“ಪಾಪ, ಯಾವೂರವ್ನೋ,” ಎಂದಳು ನಾಗಕ್ಕ. “ಮೈಯಾಗೆ ಒಂದ್ ತೊಟ್ಟು ರಕ್ತ ಇಲ್ಲ ನೋಡ್ರೇ.”

ಮರದ ನೆರಳಿನ ಮಂಚದ ಮೇಲೆ ಒಬ್ಬ ಹೆಂಗಸು ಎರಡೂ ಕಣ್ಣಿನ ಮೇಲೆ ಸೌತೆಕಾಯಿ ಬಿಲ್ಲೆ ಇಟ್ಟುಕೊಂಡು ಮಲಗಿದ್ದಳು.

“ಕಣ್ಣಾಪರೇಷನ್ನು,” ಎಂದರು ಮರುಳಸಿದ್ದಯ್ಯ. “ನಾಟಿ ವೈದ್ಯಾನೂ ಸೇರಿಸವ್ರೆ. ಒಳ್ಳೇ ಆಸ್ಪತ್ರೆ.”

“ಎಲ್ರ ಕೈಗೂ ನಂಬರ್ ಪಟ್ಟಿ ಕಟ್ಟವ್ರೆ, ಅದ್ಲುಬದ್ಲು ಆಗ್ಬಾರ್ದು ಅಂತ,” ಎಂದರು ಗುಂಪಿನಲ್ಲಿ ಯಾರೋ.

“ಇಷ್ಟು ದೊಡ್ಡಾಸ್ಪತ್ರೆ ಅಂದ್ರೆ ಕಾಯಿಲೇನೂ ಅಷ್ಟೇ ದೊಡ್ದಿರ್ಬೇಕು,” ಎಂದು ನಾಗಕ್ಕ ಹೇಳಿದ್ದೇ ಶಿವರುದ್ರಮ್ಮನಿಗೆ ಇನ್ನೊಮ್ಮೆ ಅಳು ಒತ್ತಿಕೊಂಡು ಬಂತು. ಅಳುವವರನ್ನು ಮುಂಬಾಗಿಲಲ್ಲಿ ಕೂರಿಸಿದರೆ ಉಳಿದ ಅತಿಥಿಗಳಿಗೆ ಮುಜುಗರವೆಂದು ಚೇತನ್ ಕುಮಾರ್ ಅವರನ್ನು ತಾನೇ ಮುಂದೆ ನಿಂತು ಮೇಲಕ್ಕೆ ಕಳಿಸಿದ.

ಕೋಣೆಯಲ್ಲಿ ಪ್ರಭುದೇವ್ ಫೋನು ಇಡುವುದನ್ನೂ ಮರೆತು ನಿಂತಿದ್ದ.

“ಹೇಳ್ಬಿಡಿ ನಿಜಾನ,” ಎಂದಳು ಲೋಹಿತಾ.

“ಹೇಳ್ತೀನಿ ಕಣೇ, ಹೇಳ್ತೀನಿ. ನೀನೊಂದ್ ಐದ್ ನಿಮಿಷ ಮಲಗಿರು. ಸಮಾಧಾನ ಮಾಡಿ, ಒಂದೊಂದಾಗಿ ಹೇಳ್ತೀನಿ.”

“ನಾನ್ಯಾಕ್ ಮಲಗ್ಲಿ?”

“ಚೂಡಿದಾರ ಕಣೇ! ಅವ್ವ ಚೂಡಿದಾರ ನೋಡಿದ್ರೆ!”

ಇದು ಮಾತ್ರ ನ್ಯಾಯವಾದ ಮಾತಾಗಿತ್ತು. ಮೆಟ್ಟಿಲ ಮೇಲೆ ಹೆಜ್ಜೆಗಳ ಸದ್ದು ಕೇಳಿಸಿತು. ಲೋಹಿತಾ ಚಪ್ಪಲಿಯನ್ನು ಮಂಚದ ಕೆಳಗೆ ತಳ್ಳಿ, ಬಿಳಿ ದುಪ್ಪಟಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಮಲಗಿದಳು. ಐದು ನಿಮಿಷವೆಂದು ಮಲಗಿದಳು.

ಶಿವರುದ್ರಮ್ಮ ಬಂದವಳೇ ಮಂಚದ ಮೇಲೆ ಕೂತಳು. ಹಾಸಿಗೆ ಎಷ್ಟು ಮೆತ್ತಗಿತ್ತೆಂದರೆ ಅವಳು ಅರ್ಧ ಒಳಗೆ ಹೋದಳು. ಸುನಿಲ್‌ಕುಮಾರ್ ಎತ್ತಿ ಸರಿಯಾಗಿ ಕೂರಿಸಬೇಕಾಯಿತು. ಕೂತವಳು ದುಪ್ಪಟಿಯ ಮೇಲಿಂದಲೇ ಸೊಸೆಯ ಕಾಲು ಹಿಡಿದಳು.

“ಅತ್ತೆ, ಕಾಲು ಬೇಡ…” ಎಂದು ಲೋಹಿತಾ ಏಳಲು ಹೋದಳು. ನಿಜ ಹೇಳುವ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. “ಅತ್ತೆ, ನಂಗೆ…”

“ಮಾತಾಡ್ಬೇಡ ಮಗ, ಸುಸ್ತಾಯ್ತದೆ. ನಾನ್ ಹೇಳ್ತೀನಿ ಕೇಳು. ಹತ್ತೊಂಬತ್ ವರ್ಸ ಆಯ್ತು ನೀನು ನಮ್ಮನೆ ಸೇರಿ. ಒಂದಿನ ಬಿಸಿ ಮುದ್ದೆ ಉಂಡಿದ್ದು ನಾ ಕಾಣೆ. ಎಲ್ರಿಗೂ ಇಕ್ಕಿ, ಕಡೀಗೆ ಆರಿದ್ದು ಉಣ್ತಿದ್ದೆ. ನಾನು ನೋಡ್ತಿದ್ದೆ ಕಣವ್ವ. ನೋಡ್ದೆ ಇದ್ದೆ ಅನ್ಕಬೇಡ. ಬಾ, ನೀನೂ ಕುಂತ್ಕೋ ಅಂತ ಒಂದಿನ ಅನ್ನಲಿಲ್ಲ. ನನ್ ನಾಲ್ಗೆ ಬಿದ್ದೋಗ.”

ಲೋಹಿತಾಳ ಬಾಯಿ ತೆರೆದದ್ದು ಹಾಗೆಯೇ ಮುಚ್ಚಿಕೊಂಡಿತು. ಕಣ್ಣು ತುಂಬಿತು.

“ನೋವು ಶುರುವಾಯ್ತು ನೋಡು,” ಎಂದಳು ನಾಗಕ್ಕ. ಅವಳೂ ತನ್ನ ಪಾಲಿನದನ್ನು ಹೇಳಿ ಹಗುರಾಗಬೇಕಿತ್ತು. “ಲೋಯ್ತಮ್ಮ, ನಿನ್ ಕನಕಾಂಬ್ರದ ಗಿಡಾನ ಮೇಯ್ದಿದ್ದು ನಾಯಿ ಅಲ್ಲ ಕಣವ್ವ. ನನ್ ಮೇಕೇನೇ. ನಾನೇ ಸುಳ್ ಹೇಳ್ದೆ. ಮೂರು ಸಲ.”

“ಮೂರ್ ಸಲಾನಾ?” ಎಂದಳು ರೋಗಿ, ತಲೆ ಎತ್ತಿ.

“ನಾಕು.”

ಆ ಹೊತ್ತಿಗೆ ಹಣ್ಣಿನ ಬುಟ್ಟಿ ಹಿಡಿದು ಚೇತನ್ ಕುಮಾರ್ ಬಂದ. ಅಳುವ ಅಜ್ಜಿಯ ಮೇಲೆ ಅವನಿಗೆ ಕನಿಕರವಾಗಿತ್ತು. ಕೊರಳಲ್ಲಿ ಗುರುತಿನ ಚೀಟಿ, ಬಿಳಿ ಕೋಟು.

“ಮೇಡಂ, ನಿಮ್ಮ ಟ್ರೀಟ್‌ಮೆಂಟ್ ಹತ್ತು ಗಂಟೆಗೆ ಉಂಟು. ಎಣ್ಣೆ ಬಿಸಿ ಮಾಡ್ಲಿಕ್ಕೆ ಹೇಳುದಾ?”

ಶಿವರುದ್ರಮ್ಮ ಎದ್ದು ಕೈ ಮುಗಿದಳು. “ಸ್ವಾಮೀ, ನನ್ ಸೊಸೆಗೆ ಏನಾಗೈತೆ, ಮುಚ್ಚುಮರೆ ಇಲ್ದೆ ಹೇಳ್ಬುಡಿ.”

“ಮೇಡಂಗಾ?” ಅವನು ಪ್ರಭುದೇವ್‌ನ ಮುಖ ನೋಡಿದ. “ಎಂತದ್ದೂ ಆಗ್ಲಿಲ್ಲ ಅಮ್ಮ. ಚೂರು ರೆಸ್ಟ್ ಬೇಕು, ಅಷ್ಟೇ. ಬೇಕಾದ್ದೆಲ್ಲ ತಿನ್ನಲಿ. ನಾಳೆ ಹನ್ನೊಂದಕ್ಕೆ ಮನೆಗೆ ಹೋಗ್ಬಹುದು.”

ಅವನು ಬುಟ್ಟಿ ಇಟ್ಟು ಬಾಗಿಲು ಎಳೆದುಕೊಂಡು ಹೋದ.

“ಏನೂ ಆಗಿಲ್ಲ, ಬೇಕಾದ್ದು ತಿನ್ನಲಿ, ಮನೆಗೆ ಕರ್ಕೊಂಡೋಗಿ ಅಂತ…” ಎಂದರು ಮರುಳಸಿದ್ದಯ್ಯ, ಧ್ವನಿ ತಗ್ಗಿಸಿ. “ಡಾಕ್ಟ್ರು ಈ ಮಾತು ಯಾವಾಗ ಹೇಳ್ತಾರೆ, ಗೊತ್ತಲ್ಲ?”

ಎಲ್ಲರಿಗೂ ಗೊತ್ತಿತ್ತು. ಶಿವರುದ್ರಮ್ಮ ಕಿಟಕಿಯ ಗಾಜು ಅದುರುವಂತೆ ಅತ್ತಳು. ಒಂದು ಗಳಿಗೆ ಲೋಹಿತಾಳಿಗೇ ತನ್ನ ಒಳಗೆ ಏನೋ ಇದೆಯೆಂಬ ಹೆದರಿಕೆ ಹುಟ್ಟಿತು.

ದಾರಿ ತೋರಿಸಿದವರೂ ಅಯ್ಯನವರೇ. ಸಮುದ್ರ ಎಲ್ಲ ನದಿಗಳೂ ಸೇರುವ ಜಾಗ. ಗಂಡನಾದವನು ಹೆಂಡತಿಯ ಹೆಸರು ಹೇಳಿ ಅದರಲ್ಲಿ ಮೂರು ಮುಳುಗು ಹಾಕಿದರೆ ಅರ್ಧ ಕಾಯಿಲೆ ನೀರಿಗೆ ಹೋಗುತ್ತದೆ. ಇದು ಯಾವ ಶಾಸ್ತ್ರದಲ್ಲಿದೆ ಎಂದು ಅವರು ಹೇಳಲಿಲ್ಲ. ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಬಾಗಿಲಾಚೆ ಸುನಿಲ್‌ಕುಮಾರ್ ಪ್ರಭುದೇವ್‌ನ ರಟ್ಟೆ ಹಿಡಿದು ಮೂಲೆಗೆ ಎಳೆದ.

“ಅಣ್ಣ, ಕೆಳಗಡೆ ಬೋರ್ಡ್ ಓದ್ದೆ. ಹನಿಮೂನ್ ಪ್ಯಾಕೇಜು ಅಂತೈತೆ. ಇದು ಆಸ್ಪತ್ರೆ ಅಲ್ಲ.”

ಪ್ರಭುದೇವ್ ಅವನ ಎರಡೂ ಕೈ ಹಿಡಿದುಕೊಂಡ. “ಲೋ, ನಿನ್ ದಮ್ಮಯ್ಯ.”

“ನಾ ಹೇಳಾಕಿಲ್ಲ. ನೀನೇ ಹೇಳ್ಬುಡು. ಒಂದರ್ಧ ಗಂಟೆ ಬೈತಾರೆ. ಆಮೇಲೆ ಅವ್ರೇ ನಗ್ತಾರೆ. ಅತ್ಗೇನೂ ಎದ್ದು ಬತ್ತಾರೆ, ಎಲ್ಲ ಸೇರಿ ನೀರಿಗಿಳಿಯಾನ.”

“ಹೆಂಗ್ ಹೇಳ್ಲೋ? ಅವ್ವ ಅಷ್ಟೊಂದ್ ಅತ್ತವ್ಳೆ. ಅಯ್ನೋರು ಉಪಾಸ ಅವ್ರೆ. ನಾಗಕ್ಕ ಮೇಕೆ ವಿಷ್ಯ ಬೇರೆ ಒಪ್ಕೊಂಡವ್ಳೆ. ಇಷ್ಟೆಲ್ಲ ಆದ್ಮೇಲೆ ಕಾಯಿಲೆ ಇಲ್ಲ ಅಂದ್ರೆ ಯಾರ್ ಸುಮ್ನಿರ್ತಾರೆ?”

“ಅಂಗಾದ್ರೆ ಅತ್ಗೆ?”

ಪ್ರಭುದೇವ್ ಗೋಡೆ ನೋಡಿದ. “ಅವ್ಳಿಗೆ ಆಮೇಲೆ ಹೇಳ್ತೀನಿ,” ಎಂದ. ಏನು ಹೇಳುತ್ತಾನೆಂದು ಅವನಿಗೂ ತಿಳಿದಿರಲಿಲ್ಲ.

ಶಿವರುದ್ರಮ್ಮ ರೋಗಿಯ ಹತ್ತಿರವೇ ಕೂರುತ್ತೇನೆಂದು ಹಟ ಹಿಡಿದಳು. ಕಳಿಸಿದ್ದು ಲೋಹಿತಾ.

“ಹೋಗಿ ಬನ್ನಿ ಅತ್ತೆ. ನೀವೂ ನೋಡಿಲ್ಲ. ನಾನು ನಿದ್ದೆ ಮಾಡ್ತೀನಿ.” ಬರಿಗಾಲಿನಲ್ಲಿ ಬಂದಿದ್ದ ಅತ್ತೆಯ ಕಡೆ ನೋಡಿ, “ಮಂಚದ ಕೆಳಗೆ ಚಪ್ಪಲಿ ಇದೆ. ಹಾಕ್ಕೊಳ್ಳಿ. ಮರಳು ಸುಡುತ್ತೆ,” ಎಂದಳು.

“ಹೊಸ ಚಪ್ಲಿ ಕಣವ್ವ!”

“ಹಾಕ್ಕೊಳ್ಳಿ.”

ಹೀಗೆ ಹೊಳವನಹಳ್ಳಿಯ ಹನ್ನೊಂದು ಜನ, ಅವರ ಮುಂದೆ ಹರಕೆಯ ಕುರಿಯಂತೆ ಪ್ರಭುದೇವ್, ಸಮುದ್ರಕ್ಕೆ ಹೋದರು. ಮೊದಮೊದಲು ಎಲ್ಲರೂ ದುಃಖದ ಮುಖದಲ್ಲೇ ನಿಂತಿದ್ದರು. ಆದರೆ ಸಮುದ್ರಕ್ಕೆ ಸಂದರ್ಭ ತಿಳಿಯುವುದಿಲ್ಲ. ಅಲೆಯೊಂದು ಬಂದು ನಾಗಕ್ಕನ ಮೊಣಕಾಲವರೆಗೆ ನೆನೆಸಿ ಹೋಯಿತು. ಅವಳು ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡು, “ಯಾರವ್ವ ಇಷ್ಟೊಂದ್ ಉಪ್ಪಾಕಿದ್ದು!” ಎಂದು ಕಿರುಚಿದಳು. ಎಪ್ಪತ್ತೆರಡು ವರ್ಷದ ಶಿವರುದ್ರಮ್ಮ ಅಲೆ ಬಂದಾಗ ಹಿಂದಕ್ಕೆ, ಹೋದಾಗ ಮುಂದಕ್ಕೆ ಓಡತೊಡಗಿದಳು. ಮರುಳಸಿದ್ದಯ್ಯನವರು ಕಾವಿ ಪಂಚೆ ಎತ್ತಿ ಹಿಡಿದು, ಯಾರೂ ನೋಡುತ್ತಿಲ್ಲವೆಂದುಕೊಂಡು, ಕಾಲಿನಿಂದ ನೀರು ಚಿಮ್ಮಿದರು.

“ಮುಳುಗ್ಲಾ!” ಎಂದು ತಾಯಿ ಕೂಗಿದಳು. ಪ್ರಭುದೇವ್ ಮೊದಲ ಮುಳುಗು ಹಾಕಿದ. “ಲೋಹಿತಾ ಅನ್ನು!” ಎಂದರು ಅಯ್ಯನವರು. “ಲೋಹಿತಾ” ಎಂದು ಎರಡನೆಯದು ಹಾಕಿದ. ಮೂರನೆಯದನ್ನು ಮುಗಿಸಿ ಎದ್ದು ನಿಂತಾಗ ಅಲೆ ಹಿಂದಕ್ಕೆ ಹೋಯಿತು. ಅಂಗಾಲಿನ ಕೆಳಗಿದ್ದ ಮರಳೆಲ್ಲ ಸರಸರನೆ ಜಾರಿ, ನಿಂತ ನೆಲವೇ ತನ್ನನ್ನು ಕರೆದುಕೊಂಡು ಹೊರಟಂತಾಯಿತು. ನಲವತ್ತಾರು ವರ್ಷದಲ್ಲಿ ಅವನ ಕಾಲಿಗೆ ಯಾರೂ ಹೀಗೆ ಮಾಡಿರಲಿಲ್ಲ. ಅವನು ಗಟ್ಟಿಯಾಗಿ ನಕ್ಕುಬಿಟ್ಟ.

“ಲೇ! ಹೆಂಡ್ತಿ ಅಲ್ಲಿ ಸಾಯ್ತಾ ಬಿದ್ದವ್ಳೆ, ನೀನಿಲ್ಲಿ ಕಿಸೀತಿದ್ದೀಯಾ?” ಎಂದಳು ತಾಯಿ, ತಾನೂ ಸೊಂಟದವರೆಗೆ ನೆನೆದು.

ಆಗ ಅವನಿಗೆ ನೆನಪಾಯಿತು. ತಿರುಗಿ ನೋಡಿದ. ತೆಂಗಿನ ಮರಗಳ ನಡುವೆ ಎರಡನೆಯ ಮಹಡಿಯ ಬಾಲ್ಕನಿ. ಕಂಬಿ ಹಿಡಿದು ತಿಳಿನೀಲಿ ಬಣ್ಣದ್ದೊಂದು ನಿಂತಿತ್ತು. ಅವನು ಕೈ ಎತ್ತಿದ. ಅದು ಎತ್ತಲಿಲ್ಲ. ಅವನು ಯಾರಿಗೆ ಕೈ ಮಾಡುತ್ತಿದ್ದಾನೆಂದು ನಾಗಕ್ಕ ತಿರುಗಿದಳು. ಅಷ್ಟರಲ್ಲಿ ಬಾಲ್ಕನಿ ಖಾಲಿಯಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ತೀರ್ಮಾನವಾಯಿತು. “ಡಾಕ್ಟ್ರೇ ಕರ್ಕೊಂಡೋಗಿ ಅಂದ್ಮೇಲೆ ನಾಳೆವರ್ಗೂ ಯಾಕೆ? ಈ ಉಪ್ಪು ಗಾಳಿ ರೋಗದೋರಿಗೆ ಆಗಾಕಿಲ್ಲ,” ಎಂದಳು ಶಿವರುದ್ರಮ್ಮ. ಪ್ರಭುದೇವ್ ಬೇಡವೆನ್ನಲು ಬಾಯಿ ತೆರೆದು, ಬೇಡವೆನ್ನಲು ಕಾರಣ ಸಿಗದೆ ಮುಚ್ಚಿದ. “ಇನ್ನೊಂದು ನೈಟ್ ಉಂಟಲ್ಲ ಸರ್?” ಎಂದು ಚೇತನ್ ಕುಮಾರ್ ಕೇಳಿದ್ದಕ್ಕೆ, “ಉಂಟು” ಎಂದಷ್ಟೇ ಹೇಳಿ ಕೈಪಟ್ಟಿ ಬಿಚ್ಚಿ ಕೊಟ್ಟ.

ಲೋಹಿತಾ ಚೂಡಿದಾರದ ಮೇಲೆ ಸೀರೆ ಸುತ್ತಿಕೊಂಡಿದ್ದಳು. ಟೆಂಪೊದ ಹಿಂದಿನ ಸೀಟಿನಲ್ಲಿ ಅವಳನ್ನು ಮಲಗಿಸಿದರು. ತಲೆ ಅತ್ತೆಯ ತೊಡೆಯ ಮೇಲೆ. ಮರವಂತೆ ಬಂತು. ಅಲ್ಲಿ ರಸ್ತೆ ಸಮುದ್ರದ ಪಕ್ಕಕ್ಕೇ ಅಂಟಿಕೊಂಡು ಓಡುತ್ತದೆ. ಅಲೆಯ ಸದ್ದು ಟೆಂಪೊದ ಒಳಗೇ ಬಂದಿತು. “ನೋಡ್ರಪ್ಪೋ, ರೋಡಿನ್ ಪಕ್ಕಾನೇ!” ಎಂದ ಸುನಿಲ್‌ಕುಮಾರ್, ಮತ್ತು ತಕ್ಷಣ ನಾಲಿಗೆ ಕಚ್ಚಿಕೊಂಡ. ಎಲ್ಲರೂ ಎದ್ದು ಒಂದೇ ಬದಿಗೆ ಬಾಗಿದರು.

ಲೋಹಿತಾ ತಲೆ ಎತ್ತಿದಳು.

“ಬ್ಯಾಡ ಮಗ, ಗಾಳಿ ತಾಗ್ತದೆ,” ಎಂದು ಶಿವರುದ್ರಮ್ಮ ಅವಳ ತಲೆಯನ್ನು ಮೆಲ್ಲಗೆ ಒತ್ತಿ ಮಲಗಿಸಿ, ಕಿಟಕಿಯ ಪರದೆ ಎಳೆದಳು. ಆಮೇಲೆ ತನ್ನ ಉಲ್ಲನ್ ಮಫ್ಲರನ್ನು ಬಿಚ್ಚಿ ಸೊಸೆಯ ಎರಡೂ ಕಿವಿಗೆ ಬಿಗಿಯಾಗಿ ಕಟ್ಟಿದಳು. ಪ್ರೀತಿಯಿಂದ ಕಟ್ಟಿದಳು. ಆ ಗಂಟನ್ನು ಯಾರು ಬಿಚ್ಚಿಯಾರು?

ಊರಿಗೆ ಬಂದ ಮೇಲೆ ಕಾಯಿಲೆ ವಾಸಿಯಾಗಲು ಮೂರು ವಾರ ಹಿಡಿಯಿತು. ಒಮ್ಮೆಲೇ ವಾಸಿಯಾದರೆ ಅನುಮಾನ ಬರುತ್ತದೆಂದು ಪ್ರಭುದೇವ್ ಅದನ್ನು ಬೆಳೆಗೆ ಔಷಧಿ ಬಿಟ್ಟಂತೆ ಕಂತಿನಲ್ಲಿ ವಾಸಿ ಮಾಡಿದ. ಮೂರು ಮುಳುಗಿನ ಮಹಿಮೆಯೆಂದು ಮರುಳಸಿದ್ದಯ್ಯನವರ ಹೆಸರು ಪಟ್ಟನಾಯಕನಹಳ್ಳಿಯ ತನಕ ಹಬ್ಬಿತು. ನಾಗಕ್ಕ ಹೊಸ ಕನಕಾಂಬರದ ಸಸಿ ನೆಟ್ಟು ಸುತ್ತ ಮುಳ್ಳು ಕಟ್ಟಿದಳು. ಶಿವರುದ್ರಮ್ಮ ಸೊಸೆಗೆ ಕೊಡ ಎತ್ತಲು ಬಿಡಲಿಲ್ಲ. ದಿನವೂ ಮೊದಲ ಬಿಸಿ ಮುದ್ದೆ ಲೋಹಿತಾಳ ತಟ್ಟೆಗೆ ಬೀಳುತ್ತಿತ್ತು. ಅವಳು ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದಳು. ಕದ್ದ ಊಟದಂತೆ ಇರುತ್ತಿತ್ತು ಅದು, ರುಚಿಯಾಗಿಯೂ ಇರುತ್ತಿತ್ತು.

ಗಂಡನಿಗೆ ಅವಳು ಒಂದು ಮಾತೂ ಬೈಯಲಿಲ್ಲ. ಬೈಯುತ್ತಾಳೆಂದು ಪ್ರಭುದೇವ್ ದಿನವೂ ಕಾದ. ಬೈದಿದ್ದರೆ, ಮುಂದಿನ ವರ್ಷ ಕರೆದುಕೊಂಡು ಹೋಗುತ್ತೇನೆ ಎನ್ನಬಹುದಿತ್ತು. ಆ ಮಾತನ್ನು ಅವನು ಸಿದ್ಧ ಮಾಡಿ ಇಟ್ಟುಕೊಂಡಿದ್ದ. ಅದು ಹಾಗೆಯೇ ಉಳಿಯಿತು.

ಒಂದು ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದ. ತಾಯಿ ಒಳಗೆ ಒರಗಿದ್ದಳು. ಲೋಹಿತಾ ಜಗಲಿಯ ಮೇಲೆ ಕಾಲು ಚಾಚಿ ಕೂತು, ನೋಡಲು ಬಂದವರು ಬಿಟ್ಟು ಹೋದ ಮೋಸಂಬಿ ಸುಲಿಯುತ್ತಿದ್ದಳು. ಅವನು ಪಕ್ಕದಲ್ಲಿ ಕೂತ.

“ಒಂದ್ ಮಾತು ಕೇಳ್ಲಾ?” ಎಂದಳು, ಹಣ್ಣಿನಿಂದ ಕಣ್ಣೆತ್ತದೆ.

“ಕೇಳು.”

“ನೀರಲ್ಲಿ ನಿಂತಾಗ, ಅಲೆ ವಾಪಸ್ ಹೋಗೋವಾಗ, ಕಾಲ ಕೆಳಗೆ ಹೆಂಗಿರುತ್ತೆ?”

ಪ್ರಭುದೇವ್ ನಾಗಕ್ಕನಿಗೆ ಸುಳ್ಳು ಹೇಳಿದ್ದ, ತಾಯಿಗೆ ಹೇಳಿದ್ದ, ಅಯ್ಯನವರಿಗೆ ಹೇಳಿದ್ದ. ಈಗ ಇನ್ನೊಂದು ಹೇಳಿದ್ದರೆ ಸಾಕಿತ್ತು. ಏನಿಲ್ಲ ಕಣೇ, ನಮ್ಮೂರ ಕೆರೆ ಇದ್ದಂಗೇ, ಕೆಸರು, ಮೀನಿನ ವಾಸನೆ, ನೀನು ಬರದೆ ಇದ್ದದ್ದೇ ಒಳ್ಳೇದಾಯ್ತು. ಇಷ್ಟೇ ಸಾಕಿತ್ತು. ಈ ಸುಳ್ಳಿಗೆ ಯಾವ ಶಿವನೂ ಅವನನ್ನು ಲೆಕ್ಕ ಕೇಳುತ್ತಿರಲಿಲ್ಲ.

“ನೆಲಾನೇ ಕರ್ಕೊಂಡು ಹೋದಂಗಾಯ್ತದೆ ಕಣೇ,” ಎಂದ. “ನಗು ಬಂದ್ಬುಡ್ತದೆ. ಭಾಳ ಚೆನ್ನಾಗಿತ್ತು.”

ಲೋಹಿತಾ ಹೂಂ ಎಂದಳು. ಸುಲಿದ ಹಣ್ಣಿನಲ್ಲಿ ಅರ್ಧ ಅವನ ಕೈಗಿಟ್ಟಳು. ಆಮೇಲೆ ಚಾಚಿದ್ದ ಕಾಲುಗಳನ್ನು ಒಂದೊಂದಾಗಿ ಸೀರೆಯೊಳಗೆ ಮಡಚಿಕೊಂಡಳು.